ಕೂಡ್ಲಿಯ ನಾಲ್ಕು ಬಾಣಗಳು

ಶಿವಮೊಗ್ಗದ ವಿದ್ಯಾನಗರ ಬಿಟ್ಟು ಹೊಳೆಹೊನ್ನೂರಿನ ಕಡೆ ಹೊರಟರೆ ಸ್ವಲ್ಪ ದೂರದಲ್ಲೇ ಕೂಡ್ಲಿ. ಗಂಗಾಮೂಲದಲ್ಲಿ ಹುಟ್ಟಿದ ಎರಡು ನದಿಗಳು, ಶಿವಮೊಗ್ಗ ಹಾದು ಬಂದ ತುಂಗೆ ಮತ್ತು ಭದ್ರಾವತಿ ಹಾದು ಬಂದ ಭದ್ರೆ, ಇಲ್ಲಿ ಕೂಡುತ್ತವೆ. ಅದ್ವೈತದ ಒಂದು ಮಠ, ದ್ವೈತದ ಒಂದು ಮಠ, ಎರಡೂ ಈ ಊರಿನವೇ. ಕೂಡಿದ ನೀರು ಒಂದೋ ಎರಡೋ ಎಂದು ಕೇಳಲು ಇದಕ್ಕಿಂತ ತಕ್ಕ ಜಾಗವಿಲ್ಲ.

ಈ ಹರಿವನ್ನು ಚುಕ್ಕಿ, ಬಾಣಗಳಲ್ಲಿ ಬರೆದು ನೋಡಬೇಕು. ಒಂದು ಮೂಲ, ಎರಡು ದಾರಿ, ಒಂದು ಸಂಗಮ: ನಾಲ್ಕು ಚುಕ್ಕಿ, ನಾಲ್ಕು ಬಾಣ. 2002ರಲ್ಲಿ ಇಸ್ರೇಲಿನ ವಿಜ್ಞಾನಿ ಉರಿ ಅಲೋನ್ ಅವರ ತಂಡ ಇಂಥದೇ ಆಕಾರವನ್ನು ಆಹಾರಜಾಲಗಳಲ್ಲೂ, 302 ನರಕೋಶಗಳಿರುವ ಒಂದು ಪುಟ್ಟ ಹುಳುವಿನ ನರಜಾಲದಲ್ಲೂ ಗುರುತಿಸಿತು. ಬಾಣಗಳನ್ನು ಮನಬಂದಂತೆ ಅದಲುಬದಲು ಮಾಡಿದ ಜಾಲಗಳಲ್ಲಿ ಸಿಗುವುದಕ್ಕಿಂತ ಹೆಚ್ಚು ಸಲ ಅದು ಸಿಕ್ಕಿತ್ತು.

ದಿಕ್ಕಿನ ಬೆಲೆ ದೊಡ್ಡದು. ಬಾಣವಿಲ್ಲದ ಗೆರೆಗಳಿಂದ ಮೂರು ಚುಕ್ಕಿಗಳನ್ನು ಜೋಡಿಸಿದರೆ ಎರಡೇ ಆಕಾರ. ಗೆರೆಗೆ ಒಂದು ಕಡೆಗೋ ಎರಡೂ ಕಡೆಗೋ ಬಾಣ ಬಿದ್ದೊಡನೆ 13. ಎರಡು ಜೀವಿಗಳ ಜಾಲಗಳನ್ನು ಹೋಲಿಸುವವರು ಪ್ರತಿಯೊಂದರಲ್ಲೂ ಯಾವ ಆಕಾರ ಎಷ್ಟು ಸಲ ಬಂದಿದೆ ಎಂದು ಎಣಿಸುತ್ತಾರೆ. ಆ ಎಣಿಕೆಯೇ ಜಾಲದ ರುಜು.

ಹೀಗೆ ಎಣಿಸುವುದು ಬಿಡಿ ಚುಕ್ಕಿಗಳನ್ನಲ್ಲ, ಅವುಗಳ ಜೋಡಣೆಯನ್ನು. ಜೋಡಣೆಗೆ ಬಿಡಿಭಾಗಗಳಾಚೆ ಇರವುಂಟೇ ಎಂಬ, ಭಾಗ ಮತ್ತು ಇಡಿಯ ಜಗಳ ನಮ್ಮಲ್ಲಿ ಹಳೆಯದು. ಅವಯವಗಳಿಗಿಂತ ಬೇರೆಯಾದ ಅವಯವಿ ನಿಜವಾಗಿ ಇದೆ ಎಂದಿತು ನ್ಯಾಯದರ್ಶನ. ಅಚ್ಚು, ಗಾಲಿ, ನೊಗ ಬಿಟ್ಟರೆ ರಥವೆಂಬುದು ಬರೀ ಹೆಸರು ಎಂಬುದು 'ಮಿಲಿಂದಪನ್ಹ'ದಲ್ಲಿ ನಾಗಸೇನ ಭಿಕ್ಷುವಿನ ವಾದ.

ಈ ಜಗಳಕ್ಕೆ ಒಂದು ಬ್ಯಾಕ್ಟೀರಿಯಾ ಹೊಸ ಸಾಕ್ಷಿ ನುಡಿಯುತ್ತದೆ. ನಮ್ಮ ಕರುಳಿನಲ್ಲಿರುವ ಇ. ಕೋಲಿಯಲ್ಲಿ ಸಿಆರ್‌ಪಿ ಎಂಬ ಪ್ರೋಟೀನು ಅರಬಿನೋಸ್ ಸಕ್ಕರೆಯನ್ನು ಅರಗಿಸುವ ಜೀನುಗಳನ್ನು ನೇರವಾಗಿ ಪ್ರಚೋದಿಸುತ್ತದೆ. ಅರಾಸಿ ಎಂಬ ಇನ್ನೊಂದು ಪ್ರೋಟೀನಿನ ಮೂಲಕವೂ ಪ್ರಚೋದಿಸುತ್ತದೆ. ಎರಡು ದಾರಿಯ ಅಪ್ಪಣೆಯೂ ಬಂದರೆ ಮಾತ್ರ ಕೆಲಸ ಶುರು. ಬಳಸುದಾರಿಗೆ ಹೊತ್ತು ಹಿಡಿಯುವುದರಿಂದ ಕ್ಷಣಕಾಲ ಬಂದು ಹೋಗುವ ಸುಳುಹಿಗೆ ಜೀವಕೋಶ ಮೋಸ ಹೋಗುವುದಿಲ್ಲ. ಸುಳುಹು ನಿಂತರೆ ತಡವಿಲ್ಲದೆ ಕೆಲಸ ನಿಲ್ಲಿಸುತ್ತದೆ. ಈ ಕಾಯುವ ಗುಣ ಸಿಆರ್‌ಪಿಯಲ್ಲಿ ಇಲ್ಲ, ಅರಾಸಿಯಲ್ಲಿ ಇಲ್ಲ, ಜೀನಿನಲ್ಲೂ ಇಲ್ಲ. ಮೂರರ ನಡುವಿನ ಬಾಣಗಳಲ್ಲಿದೆ. ಇದೇ ತ್ರಿಕೋನ ಆ ಹುಳುವಿನ ನರಗಳಲ್ಲೂ ಇದೆ; ವಸ್ತು ಪೂರಾ ಬೇರೆ, ಜೋಡಣೆ ಅದೇ.

ಹಾಗಾದರೆ ನೈಯಾಯಿಕ ಗೆದ್ದನೇ? ಅರ್ಧ ಗೆದ್ದ. ಭಾಗಗಳಲ್ಲಿಲ್ಲದ ಗುಣ ಜೋಡಣೆಯಲ್ಲಿ ಹುಟ್ಟುವುದು ದಿಟ. ಆದರೆ ಅದಕ್ಕೆ ಭಾಗಗಳಿಂದ ಬೇರೆಯಾದ ಇನ್ನೊಂದು ವಸ್ತು ಬೇಕಾಗಲಿಲ್ಲ, ದಿಕ್ಕುಳ್ಳ ಸಂಬಂಧವೇ ಸಾಕಾಯಿತು. ನಾಗಸೇನನ ಪಟ್ಟಿಯಲ್ಲೂ ಒಂದು ಕೊರತೆ ಉಳಿಯುತ್ತದೆ: ಗಾಲಿ ಅಚ್ಚಿಗೆ ಹೇಗೆ ಕೂಡಿದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕಿತ್ತು.

ಎಣಿಕೆಗೂ ಮಿತಿಯಿದೆ. ಒಂದು ಆಕಾರ 'ಹೆಚ್ಚು' ಎನ್ನುವುದು ಯಾವುದಕ್ಕೆ ಹೋಲಿಸಿ? ಬಾಣಗಳನ್ನು ಕಲಸುವ ಕ್ರಮ ಬದಲಾದರೆ ತೀರ್ಪೂ ಬದಲಾಗಬಹುದು ಎಂದು 2004ರಲ್ಲೇ ಆಕ್ಷೇಪ ಬಂತು. ಒಂದು ಆಕಾರ ಹೆಚ್ಚು ಸಲ ಕಂಡಿತೆಂದ ಮಾತ್ರಕ್ಕೆ ಜೀವಿ ಅದನ್ನು ಒಂದು ಉದ್ದೇಶಕ್ಕೆಂದೇ ಉಳಿಸಿಕೊಂಡಿದೆ ಎಂದು ಹೇಳಲಾಗದು. ಉದ್ದೇಶದ ಮಾತಿಗೆ ಎಣಿಕೆ ಸಾಲದು, ಪ್ರಯೋಗ ಬೇಕು; ಇ. ಕೋಲಿಯ ಅರಬಿನೋಸ್ ಜೋಡಣೆಯಲ್ಲಿ 2003ರಲ್ಲಿ ಅಂಥ ಪ್ರಯೋಗ ನಡೆದು, ಆ ತಡ ನಿಜವೆಂದು ಅಳತೆಯಲ್ಲೇ ಕಂಡುಬಂತು.