ನೀಲಿ ಗುರುತೂ ನೇಹದ ನೇಮವೂ

ನೇಹಕ್ಕೆ ನಂಬುಗೆಯೇ ಬುನಾದಿ. ಈ ಕಾಲದ ಎಳೆಯರ ಸ್ನೇಹ-ಪ್ರೇಮಗಳಾದರೋ ಬಹುಮಟ್ಟಿಗೆ ಅಂಗೈಯಗಲದ ಮೊಬೈಲಿನಲ್ಲಿಯೇ ಮೊಳೆತು ಅಲ್ಲಿಯೇ ಬಾಡುತ್ತಿವೆ. ವಾಟ್ಸ್‌ಆ್ಯಪಿನಲ್ಲಿ ಸಂದೇಶವು ಹೊರಟೊಡನೆ ಬೂದುಬಣ್ಣದ ಒಂದು ಗುರುತು, ತಲುಪಿದೊಡನೆ ಎರಡು. ಓದಿದೊಡನೆ ಆ ಎರಡೂ ನೀಲಿಯಾಗುವ ಏರ್ಪಾಡು 2014ರ ನವೆಂಬರಿನಲ್ಲಿ ಬಂದಿತು. ಅಂದಿನಿಂದ ಮೌನವೂ ಒಂದು ಅಪರಾಧವಾಗಿ ತೋರತೊಡಗಿತು.

ಹದಿನಾರರ ಬಾಲೆಯೊಬ್ಬಳು ಇರುಳೆಲ್ಲ ಆ ನೀಲಿ ಗುರುತನ್ನೇ ನೋಡುತ್ತ ಕುಳಿತಳು. ಓದಿಯೂ ಉತ್ತರಿಸದ ಗೆಳೆಯನನ್ನು ವಂಚಕನೆಂದು ಬಗೆದು, ಬೆಳಗಾಗುವ ಮುನ್ನವೇ ಕಟುನುಡಿಯನ್ನು ಕಳುಹಿ ನಂಟನ್ನು ಕಡಿದುಕೊಂಡಳು. ಅವನಾದರೋ ಜ್ವರದಿಂದ ಬಳಲುತ್ತಿದ್ದ ತಾಯಿಯ ತಲೆದೆಸೆಯಲ್ಲಿ ಎಚ್ಚರವಿದ್ದನು. ಗುರುತು ಸುಳ್ಳಾಡಲಿಲ್ಲ; ಸಂದೇಶವನ್ನು ತೆರೆದನೆಂದಷ್ಟೇ ಹೇಳಿತು. ಅವನ ಮನದ ಸ್ಥಿತಿಯನ್ನು ತಿಳಿಸುವ ಬಲ ಅದಕ್ಕಿರಲಿಲ್ಲ. ಉಳಿದುದನ್ನೆಲ್ಲ ಅವಳ ಸಂಶಯವೇ ಬರೆದುಕೊಂಡಿತು.

ಯಂತ್ರವನ್ನು ಹಳಿದು ಫಲವೇನು? ಆ ನೀಲಿಯನ್ನು ತೋರದಂತೆ ಮಾಡುವ ಅನುಕೂಲ ಅದರಲ್ಲಿಯೇ ಉಂಟು. ಅಳಿಯಬೇಕಾದುದು ಮನದ ಸಂಶಯ. ಶರಣರು ನುಡಿಯನ್ನು ನಡೆಯಿಂದ ಅಳೆದರು. ಗಳಿಗೆಯ ಮೌನದಿಂದಲ್ಲ, ಬಹುದಿನದ ನಡೆಯಿಂದ ಗೆಳೆಯನನ್ನು ಅರಿಯಬೇಕು. ತೀರ್ಪಿಗೆ ಮುನ್ನ ಕೇಳುವ ತಾಳ್ಮೆಯೇ ನೇಹದ ನೇಮ. ಹಿರಿಯರೂ ಮೊಬೈಲನ್ನು ಕಸಿಯುವ ಮುನ್ನ ಮಕ್ಕಳ ಅಳಲನ್ನು ಕೇಳಲಿ.