ನಂಬಿಕೆ ಮತ್ತು ಪರೀಕ್ಷೆ: ನರ್ಸ್ ವೃತ್ತಿಯ ಒಂದು ಧರ್ಮಪ್ರಶ್ನೆ

ಮಾದಕ ವಸ್ತು ಸೇವಿಸಿದ್ದಾರೆಯೇ ಎಂದು ನರ್ಸ್‌ಗಳ ಮೂತ್ರವನ್ನು ಪರೀಕ್ಷಿಸುವ ರೂಢಿ ಅಮೆರಿಕದ ಆಸ್ಪತ್ರೆಗಳಲ್ಲಿ ಬೇರೂರಿದ್ದು 1980ರ ದಶಕದಿಂದ ಈಚೆಗೆ. 1986ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ರೊನಾಲ್ಡ್ ರೇಗನ್ ಫೆಡರಲ್ ನೌಕರರು ಕೆಲಸದ ವೇಳೆಯಲ್ಲಾಗಲಿ ಬಿಡುವಿನಲ್ಲಾಗಲಿ ಮಾದಕ ವಸ್ತು ಮುಟ್ಟಕೂಡದೆಂದು ಆದೇಶ ಹೊರಡಿಸಿದರು. 1988ರ ಕಾನೂನು ಸರ್ಕಾರದ ಗುತ್ತಿಗೆ ಮತ್ತು ಅನುದಾನ ಪಡೆಯುವ ಸಂಸ್ಥೆಗಳಿಗೂ ಈ ನೀತಿಯನ್ನು ಹಬ್ಬಿಸಿತು. ಆ ಕಾನೂನು ಪರೀಕ್ಷೆಯನ್ನು ಕಡ್ಡಾಯ ಮಾಡಿರಲಿಲ್ಲ. ಆದರೂ ಆಸ್ಪತ್ರೆಗಳು ತಾವಾಗಿಯೇ ಅದನ್ನು ಅಳವಡಿಸಿಕೊಂಡವು. ಈಗ ಅಲ್ಲಿ ಕೆಲಸಕ್ಕೆ ಸೇರುವಾಗ ಪರೀಕ್ಷೆಗೆ ಒಳಗಾಗುವುದು ಸಾಮಾನ್ಯ. ಯಾರಾದರೂ ಸಂಶಯ ಪಟ್ಟರೆ ಮತ್ತೊಮ್ಮೆ ಒಳಗಾಗಬೇಕು. ಹೀಗೆ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. ರೋಗಿಯ ಜ್ವರ, ನಾಡಿ, ನೋವಿನ ಬಗ್ಗೆ ನರ್ಸ್ ಬರೆದಿಟ್ಟ ಮಾತನ್ನು ಇಡೀ ಆಸ್ಪತ್ರೆ ನಂಬಿ ನಡೆಯುತ್ತದೆ. ಅದೇ ನರ್ಸ್ ತನ್ನ ಬಗ್ಗೆ ಹೇಳುವ ಮಾತಿಗೆ ಮಾತ್ರ ಬೆಲೆಯಿಲ್ಲ, ಅಲ್ಲಿ ದೇಹವೇ ಸಾಕ್ಷಿ ಹೇಳಬೇಕು. ಇದು ನ್ಯಾಯವೇ ಎಂಬುದು ಆಡಳಿತದ ಪ್ರಶ್ನೆಯಷ್ಟೇ ಅಲ್ಲ. ನಂಬಿಕೆ, ಸತ್ಯ, ಕರುಣೆಗಳಿಗೆ ಸಂಬಂಧಿಸಿದ ಹಳೆಯ ಧರ್ಮಪ್ರಶ್ನೆ ಇದು.

ಪರೀಕ್ಷೆಯ ಪರವಾದ ವಾದ ಹಗುರವಾದುದಲ್ಲ. ಮಾರ್ಫಿನ್, ಫೆಂಟನಿಲ್, ಹೈಡ್ರೋಮಾರ್ಫೋನ್‌ನಂಥ ನೋವುನಿವಾರಕಗಳು ನರ್ಸ್‌ಗಳ ಕೈಗೆ ದಿನವೂ ಸಿಗುತ್ತವೆ. ರಾತ್ರಿ ಪಾಳಿ, ರೋಗಿಗಳನ್ನು ಎತ್ತಿ ಇಳಿಸಿ ಬರುವ ಬೆನ್ನುನೋವು, ಕಣ್ಣೆದುರಿನ ಸಾವುಗಳು ಮನುಷ್ಯರನ್ನು ದಣಿಸುತ್ತವೆ. ಔಷಧದ ಕಪಾಟುಗಳಿಗೆ ಕಂಪ್ಯೂಟರ್ ಬೀಗ ಬಂದಿದೆ. ಉಳಿದ ಔಷಧವನ್ನು ಚೆಲ್ಲುವಾಗ ಇನ್ನೊಬ್ಬ ನರ್ಸ್ ನಿಂತು ನೋಡಿ ಸಹಿ ಹಾಕುವ ಪದ್ಧತಿಯೂ ಇದೆ. ಇವೆಲ್ಲ ಇದ್ದೂ ಔಷಧ ಸೋರಿಹೋಗುತ್ತದೆ. 2012ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಎಕ್ಸಿಟರ್ ಆಸ್ಪತ್ರೆಯಲ್ಲಿ ಬಯಲಾದ ಪ್ರಕರಣ ಇದಕ್ಕೆ ಭೀಕರ ಉದಾಹರಣೆ. ಹೃದಯ ವಿಭಾಗದ ಒಬ್ಬ ತಂತ್ರಜ್ಞ ರೋಗಿಗಳಿಗೆಂದು ತುಂಬಿಟ್ಟ ಫೆಂಟನಿಲ್ ಸಿರಿಂಜನ್ನು ಕದ್ದು ತಾನು ಚುಚ್ಚಿಕೊಂಡು, ತನ್ನ ರಕ್ತ ತಗುಲಿದ ಸಿರಿಂಜನ್ನು ಮರಳಿ ಇಡುತ್ತಿದ್ದ. ಹತ್ತಾರು ರೋಗಿಗಳಿಗೆ ಹೆಪಟೈಟಿಸ್ ಸಿ ಅಂಟಿತು. 2013ರಲ್ಲಿ ಅವನಿಗೆ 39 ವರ್ಷಗಳ ಸೆರೆವಾಸ ವಿಧಿಸಲಾಯಿತು. ಅದಕ್ಕೂ ಮೊದಲೇ ಅವನು ಬೇರೆ ಆಸ್ಪತ್ರೆಗಳಲ್ಲಿ ಸಂಶಯಕ್ಕೆ ಒಳಗಾಗಿ ಕೆಲಸ ಕಳೆದುಕೊಂಡಿದ್ದ. ಆದರೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಕೆಲಸ ಹಿಡಿಯುತ್ತಿದ್ದ. ಅವನು ನರ್ಸ್ ಅಲ್ಲ, ನಿಜ. ಆದರೆ ವಾರ್ಡಿನಲ್ಲಿ ಮೌನ ಎಷ್ಟು ದುಬಾರಿಯಾಗಬಲ್ಲದು ಎಂಬುದನ್ನು ಈ ಪ್ರಕರಣದಷ್ಟು ಸ್ಪಷ್ಟವಾಗಿ ತೋರಿಸುವುದು ಕಡಿಮೆ. ಅರಿವಳಿಕೆಯಲ್ಲಿ ಮಲಗಿದ ರೋಗಿ ತನ್ನನ್ನು ತಾನು ಕಾಯ್ದುಕೊಳ್ಳಲಾರ. ಅವನ ಪರವಾಗಿ ಯಾರಾದರೂ ಸಂಶಯ ಪಡಲೇಬೇಕಾಗುತ್ತದೆ.

ನರ್ಸ್ ವೃತ್ತಿ ಮೊದಲಿನಿಂದಲೂ ಈ ಹೊಣೆಯನ್ನು ಪ್ರಮಾಣವಚನದ ರೂಪದಲ್ಲಿ ಹೊತ್ತುಕೊಂಡಿದೆ. ಫ್ಲಾರೆನ್ಸ್ ನೈಟಿಂಗೇಲ್ ಹೆಸರಿನ ಪ್ರತಿಜ್ಞೆಯನ್ನು ಆಕೆ ಬರೆಯಲಿಲ್ಲ. 1893ರಲ್ಲಿ ಡೆಟ್ರಾಯಿಟ್‌ನ ಫ್ಯಾರಂಡ್ ತರಬೇತಿ ಶಾಲೆಯಲ್ಲಿ ಲಿಸ್ಟ್ರಾ ಗ್ರೆಟರ್ ಅವರ ನೇತೃತ್ವದಲ್ಲಿ ಅದು ರಚನೆಯಾಯಿತು. ದೇವರ ಎದುರಿನಲ್ಲಿ ಮಾಡುವ ಆ ಪ್ರತಿಜ್ಞೆಯಲ್ಲಿ ಹಾನಿಕರ ಔಷಧವನ್ನು ತಾನು ಸೇವಿಸುವುದಿಲ್ಲ, ತಿಳಿದೂ ತಿಳಿದೂ ಇನ್ನೊಬ್ಬರಿಗೆ ಕೊಡುವುದಿಲ್ಲ ಎಂಬ ಮಾತಿದೆ. ಕರ್ನಾಟಕದ ನರ್ಸಿಂಗ್ ಕಾಲೇಜುಗಳಲ್ಲೂ ದೀಪ ಬೆಳಗಿಸುವ ಸಮಾರಂಭದ ದಿನ ವಿದ್ಯಾರ್ಥಿಗಳು ಕೈಯಲ್ಲಿ ದೀಪ ಹಿಡಿದು ನೈಟಿಂಗೇಲ್ ಪ್ರತಿಜ್ಞೆ ಸ್ವೀಕರಿಸುತ್ತಾರೆ. ಪ್ರತಿಜ್ಞೆ ಆತ್ಮಸಾಕ್ಷಿಗೆ ಒಪ್ಪಿಸಿದ ಕೆಲಸವನ್ನು ಪರೀಕ್ಷೆ ಪ್ರಯೋಗಾಲಯಕ್ಕೆ ಒಪ್ಪಿಸುತ್ತದೆ. ಒಂದು ಇನ್ನೊಂದನ್ನು ರದ್ದುಮಾಡುವುದಿಲ್ಲ. ಆದರೆ ಮಾತು ಕೊಟ್ಟವರನ್ನು ಮಾತು ಮುರಿದವರೆಂದು ಮೊದಲೇ ಭಾವಿಸಿ ನಡೆಸಿಕೊಂಡರೆ ಮಾತಿಗೆ ಇದ್ದ ಬೆಲೆ ಕುಗ್ಗುತ್ತದೆ.

ಪ್ರಯೋಗಾಲಯ ಏನನ್ನು ತಿಳಿಸಬಲ್ಲದು ಎಂಬುದನ್ನೂ ನೋಡಬೇಕು. ಪರೀಕ್ಷೆಗೆ ಎರಡು ಹಂತಗಳಿವೆ. ಮೊದಲನೆಯದು ಪ್ರತಿಕಾಯಗಳನ್ನು ಬಳಸುವ ಅಗ್ಗದ, ವೇಗದ ಜರಡಿ. ಅದರಲ್ಲಿ ಸಿಕ್ಕಿಬಿದ್ದ ಮಾದರಿಯನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯಿಂದ ಖಚಿತಪಡಿಸಿಕೊಳ್ಳಬೇಕು. ಆಮೇಲೆ ಒಬ್ಬ ವೈದ್ಯಾಧಿಕಾರಿ ನೌಕರನೊಂದಿಗೆ ಮಾತಾಡಿ, ಆ ಔಷಧವನ್ನು ವೈದ್ಯರೇ ಬರೆದುಕೊಟ್ಟಿದ್ದರೇ ಎಂದು ವಿಚಾರಿಸಬೇಕು. ಫೆಡರಲ್ ನಿಯಮ ಇಷ್ಟನ್ನು ಕೇಳುತ್ತದೆ. ಇಷ್ಟೂ ಮುಗಿಯುವ ಮೊದಲೇ ಒಬ್ಬರನ್ನು ತಪ್ಪಿತಸ್ಥರೆಂದು ಕರೆದರೆ ಆಗುವ ಅನ್ಯಾಯವನ್ನು ಲೆಕ್ಕದಲ್ಲೇ ತೋರಿಸಬಹುದು. 1000 ನರ್ಸ್‌ಗಳಲ್ಲಿ 20 ಮಂದಿ ಮಾದಕ ವಸ್ತು ಸೇವಿಸಿದ್ದಾರೆ ಎಂದಿಟ್ಟುಕೊಳ್ಳಿ. ಜರಡಿ ಪರೀಕ್ಷೆ 100ಕ್ಕೆ 95 ಸಲ ಸರಿಯಾಗಿ ಹೇಳುತ್ತದೆ ಎನ್ನೋಣ. ಆಗ 20ರಲ್ಲಿ 19 ಮಂದಿ ಸಿಕ್ಕಿಬೀಳುತ್ತಾರೆ. ಉಳಿದ 980 ನಿರಪರಾಧಿಗಳಲ್ಲಿ 49 ಮಂದಿಯೂ ಸಿಕ್ಕಿಬೀಳುತ್ತಾರೆ. ಅಂದರೆ ಪಾಸಿಟಿವ್ ಬಂದ 68 ಜನರಲ್ಲಿ ಹೆಚ್ಚಿನವರು ಏನೂ ಮಾಡದವರು. ಇದು ಊಹೆಯ ಅಂಕಿಗಳ ಲೆಕ್ಕ ಮಾತ್ರ. ಆದರೆ ಯಾವ ತಪ್ಪು ಅಪರೂಪವೋ ಅದರ ಹುಡುಕಾಟ ಎಲ್ಲೆಲ್ಲಿ ನಡೆಯುತ್ತದೆಯೋ ಅಲ್ಲೆಲ್ಲ ಈ ಲೆಕ್ಕದ ನ್ಯಾಯ ನಿಲ್ಲುತ್ತದೆ.

ಗಸಗಸೆಯ ಕಥೆ ಕನ್ನಡಿಗರಿಗೆ ಇನ್ನಷ್ಟು ಹತ್ತಿರದ್ದು. ಗಸಗಸೆ ಅಫೀಮು ಗಿಡದ ಬೀಜ. ಅದನ್ನು ತಿಂದವರ ಮೂತ್ರದಲ್ಲಿ ಮಾರ್ಫಿನ್ ಕಾಣಿಸಿಕೊಳ್ಳಬಹುದು. ಈ ಕಾರಣದಿಂದಲೇ ಅಮೆರಿಕ ಸರ್ಕಾರ 1998ರಲ್ಲಿ ಮಾರ್ಫಿನ್‌ನ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೋಗ್ರಾಂನಿಂದ 2000ಕ್ಕೆ ಏರಿಸಿತು. 2023ರಲ್ಲಿ ಅಲ್ಲಿನ ರಕ್ಷಣಾ ಇಲಾಖೆ ಗಸಗಸೆಯಿಂದ ದೂರವಿರಿ ಎಂದು ತನ್ನ ಸೈನಿಕರಿಗೇ ಎಚ್ಚರಿಕೆ ಕೊಟ್ಟಿತು. ಹಬ್ಬದ ಮನೆಯಲ್ಲಿ ಗಸಗಸೆ ಪಾಯಸ ಉಂಡು ಪರೀಕ್ಷೆಗೆ ಹೋದವರನ್ನು ಕೇವಲ ಒಂದು ಸಂಖ್ಯೆ ಕಳಂಕಿತರನ್ನಾಗಿ ಮಾಡಬಲ್ಲದು. ಮದ್ಯಸೇವನೆಯನ್ನು ಹಲವು ದಿನಗಳ ನಂತರವೂ ಪತ್ತೆಹಚ್ಚುವ ಈಥೈಲ್ ಗ್ಲುಕುರೊನೈಡ್ ಪರೀಕ್ಷೆಯದೂ ಇಂಥದೇ ತೊಡಕು. ದಿನವಿಡೀ ಸ್ಪಿರಿಟ್ ಬೆರೆಸಿದ ದ್ರವದಿಂದ ಕೈ ಉಜ್ಜಿಕೊಳ್ಳುವವರಲ್ಲೂ ಅದು ಪಾಸಿಟಿವ್ ಆಗಬಹುದು. ಹಾಗೆ ಕೈ ಉಜ್ಜಿಕೊಳ್ಳುವುದು ನರ್ಸ್‌ಗಳ ಕರ್ತವ್ಯ. ಆ ಫಲಿತಾಂಶವೊಂದನ್ನೇ ಹಿಡಿದು ಶಿಸ್ತುಕ್ರಮ ಕೈಗೊಳ್ಳುವುದು ಸರಿಯಲ್ಲವೆಂದು ಅಮೆರಿಕದ ಸರ್ಕಾರಿ ಸಂಸ್ಥೆಯೇ 2006ರಲ್ಲಿ ಸೂಚಿಸಿತು. ಇನ್ನೊಂದು ಕಡೆ, ಫೆಡರಲ್ ಪಟ್ಟಿಯ ಐದು ಬಗೆಯ ಮಾದಕಗಳಲ್ಲಿ ಬಹುಕಾಲ ಫೆಂಟನಿಲ್ ಇರಲೇ ಇಲ್ಲ. ಆಸ್ಪತ್ರೆಯೊಳಗೆ ಕಳುವಾಗುವ ಪ್ರಮುಖ ಔಷಧವನ್ನು ಬಿಟ್ಟು, ವಾರಾಂತ್ಯದಲ್ಲಿ ಮನೆಯಲ್ಲಿ ಸೇದಿದ ಗಾಂಜಾವನ್ನು ಹಿಡಿಯುವ ಪರೀಕ್ಷೆ ರೋಗಿಯನ್ನು ಎಷ್ಟು ಕಾಯುತ್ತದೆ ಎಂದು ಕೇಳುವುದು ತಪ್ಪಲ್ಲ.

ದೇಹವನ್ನು ಸಾಕ್ಷಿಗೆ ಕರೆಯುವ ಯೋಚನೆ ಹೊಸದಲ್ಲ. ಯಾಜ್ಞವಲ್ಕ್ಯ ಸ್ಮೃತಿ ತುಲಾ, ಅಗ್ನಿ, ಜಲ, ವಿಷ, ಕೋಶ ಎಂಬ ಐದು ದಿವ್ಯಗಳನ್ನು, ಅಂದರೆ ಆರೋಪಿಯ ದೇಹವನ್ನೇ ಒರೆಗೆ ಹಚ್ಚಿ ನಿಜ ತಿಳಿಯುವ ಕ್ರಮಗಳನ್ನು, ಹೇಳುತ್ತದೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಅಂದರೆ ಇಂದಿನ ಬಸವಕಲ್ಯಾಣದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ ಈ ಸ್ಮೃತಿಗೆ ವ್ಯಾಖ್ಯಾನ. ಕಾದ ಕಬ್ಬಿಣ ಹಿಡಿಸುವ, ವಿಷ ಕುಡಿಸುವ ಆ ಕ್ರಮಗಳನ್ನು ಇಂದು ಯಾರೂ ಸಮರ್ಥಿಸಲಾರರು. ಆದರೆ ಅವುಗಳಿಗೆ ಸ್ಮೃತಿಕಾರ ಹಾಕಿದ ಕಟ್ಟುಪಾಡು ಗಮನಾರ್ಹ. ಬರಹ, ಸ್ವಾಧೀನ, ಸಾಕ್ಷಿ ಎಂಬ ಮಾನುಷ ಪ್ರಮಾಣಗಳು ಯಾವುವೂ ಇಲ್ಲದಾಗ ಮಾತ್ರ ದಿವ್ಯ. ಅದೂ ಗುರುತರ ಆರೋಪಗಳಲ್ಲಿ ಮಾತ್ರ. ಅಲ್ಲದೆ, ಸುಳ್ಳೆಂದು ತೇಲಿದರೆ ದಂಡ ತಾನು ತೆರುವೆನೆಂದು ಆರೋಪಿಸಿದವನು ಮೊದಲು ಒಪ್ಪಿರಬೇಕು. ರಾಜದ್ರೋಹ, ಮಹಾಪಾತಕಗಳಿಗಷ್ಟೇ ಇದರಿಂದ ವಿನಾಯಿತಿ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕನ್ನಡ ನೆಲದಲ್ಲಿ ಚರ್ಚೆಯಾದ ಈ ಎಚ್ಚರ ಇಂದಿನ ಹಲವು ಆಸ್ಪತ್ರೆಗಳ ನಿಯಮಪುಸ್ತಕದಲ್ಲಿ ಕಾಣುವುದಿಲ್ಲ. ಔಷಧ ಕಪಾಟಿನ ದಾಖಲೆ, ರೋಗಿಯ ನೋವಿನ ದಾಖಲೆ, ಜೊತೆಗಿದ್ದವರ ಹೇಳಿಕೆ ಇವನ್ನೆಲ್ಲ ತೆರೆದು ನೋಡುವ ಮೊದಲೇ ಮೂತ್ರದ ಬಟ್ಟಲು ಮುಂದೆ ಬರುತ್ತದೆ.

ಅಮೆರಿಕದ ಸುಪ್ರೀಂ ಕೋರ್ಟ್ 1989ರ ಮಾರ್ಚ್‌ನಲ್ಲಿ ಒಂದೇ ದಿನ ಎರಡು ತೀರ್ಪು ಕೊಟ್ಟಿತು. ಅಪಘಾತಕ್ಕೆ ಒಳಗಾದ ರೈಲುಗಳ ಸಿಬ್ಬಂದಿಯನ್ನೂ ಕಸ್ಟಮ್ಸ್ ಇಲಾಖೆಯ ಕೆಲವು ನೌಕರರನ್ನೂ ವೈಯಕ್ತಿಕ ಸಂಶಯವಿಲ್ಲದೆಯೇ ಪರೀಕ್ಷಿಸಬಹುದು ಎಂದಿತು. ರೈಲು ಪ್ರಕರಣದಲ್ಲಿ ಬಹುಮತದ ಜೊತೆಗಿದ್ದ ನ್ಯಾಯಮೂರ್ತಿ ಆಂಟೊನಿನ್ ಸ್ಕಾಲಿಯಾ ಕಸ್ಟಮ್ಸ್ ಪ್ರಕರಣದಲ್ಲಿ ಭಿನ್ನಮತ ಬರೆದರು. ರೈಲ್ವೆಯಲ್ಲಿ ಕುಡಿತದಿಂದ ಅಪಘಾತವಾದದ್ದಕ್ಕೆ ಪುರಾವೆ ಇತ್ತು. ಕಸ್ಟಮ್ಸ್‌ನಲ್ಲಿ ಅಂಥದೇನೂ ಇಲ್ಲ, ಬರೀ ಸಂಕೇತಕ್ಕಾಗಿ ಜನರ ಮಾನವನ್ನು ಒತ್ತೆಯಿಡಬಾರದು ಎಂಬುದು ಅವರ ವಾದ. ನರ್ಸ್‌ಗಳ ವಿಷಯದಲ್ಲೂ ಇದೇ ಸರಿಯಾದ ಅಳತೆಗೋಲು. ರೋಗಿಗೆ ಆಗಬಹುದಾದ ಕೆಡುಕು ಎಷ್ಟು ನಿಜವೋ ಅಷ್ಟು ಮಟ್ಟಿಗೆ ಪರೀಕ್ಷೆ ನ್ಯಾಯ. ಒಪ್ಪಿಗೆಪತ್ರಕ್ಕೆ ಸಹಿ ಮಾಡಿಸಿಕೊಂಡೆವು ಎಂಬ ಸಮಾಧಾನ ಸಾಲದು. ಕೆಲಸ ಬೇಡವೆನ್ನುವ ಸ್ವಾತಂತ್ರ್ಯ ಉಳ್ಳವರ ಸಹಿಗೆ ಬೆಲೆಯಿದೆ. ವೀಸಾ, ಸಾಲ, ಊರಿನ ಮನೆಯವರ ನಿರೀಕ್ಷೆ ಎಲ್ಲವೂ ಅದೇ ಕೆಲಸಕ್ಕೆ ಕಟ್ಟಿಬಿದ್ದ ವಲಸೆ ನರ್ಸ್‌ನ ಸಹಿಯನ್ನು ಅದೇ ತೂಕದ ಒಪ್ಪಿಗೆ ಎನ್ನಲಾಗದು. ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು ಎಂದ ಇಮ್ಯಾನ್ಯುಯೆಲ್ ಕಾಂಟ್‌ನ ಕಟ್ಟಳೆ ಇಬ್ಬರಿಗೂ ಅನ್ವಯಿಸುತ್ತದೆ. ರೋಗಿಯನ್ನು ಔಷಧ ಕದಿಯುವ ದಾರಿಯಾಗಿ ಕಾಣುವುದು ಎಷ್ಟು ತಪ್ಪೋ, ನರ್ಸ್‌ನ ಮಾನವನ್ನು ಆಸ್ಪತ್ರೆಯ ವಿಮೆಗೆ ಬೇಕಾದ ಕಾಗದವಾಗಿ ಕಾಣುವುದೂ ಅಷ್ಟೇ ತಪ್ಪು.

ಅತ್ಯಂತ ನೋವಿನ ಭಾಗ ಇರುವುದು ಸಹೋದ್ಯೋಗಿಗಳ ನಡುವೆ. ಅಮೆರಿಕದ ನರ್ಸ್‌ಗಳ ಸಂಘದ ನೀತಿಸಂಹಿತೆ ಎರಡು ಕರ್ತವ್ಯಗಳನ್ನು ಒಟ್ಟಿಗೆ ಹೊರಿಸುತ್ತದೆ: ಜೊತೆಗಾರರು ಅಮಲಿನಲ್ಲಿ ಕೆಲಸ ಮಾಡುತ್ತಿದ್ದರೆ ರೋಗಿಯನ್ನು ರಕ್ಷಿಸಬೇಕು, ಆ ಜೊತೆಗಾರರಿಗೆ ಚಿಕಿತ್ಸೆ ಸಿಗುವಂತೆ ನೋಡಿಕೊಳ್ಳಬೇಕು. ವ್ಯಸನವನ್ನು ಕಾಯಿಲೆಯೆಂದು ಕಂಡು, ಶಿಕ್ಷೆಗಿಂತ ಚಿಕಿತ್ಸೆಗೆ ಆದ್ಯತೆ ಕೊಡಬೇಕೆಂದು ಆ ಸಂಘ 1980ರ ದಶಕದ ಆರಂಭದಲ್ಲೇ ಒತ್ತಾಯಿಸಿತು. ಫ್ಲಾರಿಡಾ ರಾಜ್ಯ 1983ರಲ್ಲಿ ನರ್ಸ್‌ಗಳಿಗಾಗಿಯೇ ಅಂಥ ಕಾರ್ಯಕ್ರಮ ಕಟ್ಟಿತು. ಆದರೆ ವಾರ್ಡಿನ ಬದುಕು ಸಂಹಿತೆಯಷ್ಟು ಶುಭ್ರವಲ್ಲ. ಹಿರಿಯರು ಕಿರಿಯರನ್ನು ಹಿಂಸಿಸುವ ಚಾಳಿಯ ಬಗ್ಗೆ ನರ್ಸ್ ಜುಡಿತ್ ಮೈಸ್ನರ್ 1986ರಲ್ಲೇ ಬರೆದರು, ಆ ಚರ್ಚೆ ಇನ್ನೂ ಮುಗಿದಿಲ್ಲ. ಪಾಳಿ ಹಂಚಿಕೆಯ ಜಗಳ, ಬಡ್ತಿಯ ಅಸೂಯೆ, ಭಾಷೆ ಬಣ್ಣಗಳ ತಾತ್ಸಾರ ಇರುವೆಡೆ ಸಂಶಯದ ದೂರು ಸುಲಭದ ಆಯುಧವಾಗುತ್ತದೆ. ಕಣ್ಣು ಕೆಂಪಾಗಿತ್ತು, ಯಾಕೋ ಸಿಡುಕುತ್ತಿದ್ದಳು ಎಂಬ ಮಾತು ರಾತ್ರಿ ಪಾಳಿ ಮುಗಿಸಿದ ಯಾರಿಗೂ ಒಪ್ಪುತ್ತದೆ. ಫಲಿತಾಂಶ ನೆಗೆಟಿವ್ ಬಂದ ಮೇಲೂ ಪಿಸುಮಾತು ನಿಲ್ಲುವುದಿಲ್ಲ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ, ದಿನ, ಗಂಟೆ, ಔಷಧದ ಪ್ರಮಾಣದೊಂದಿಗೆ ಬರೆದು ಸಹಿ ಮಾಡಬೇಕು. ಹೆಸರಿಲ್ಲದ ದೂರಿನ ಮೇಲೆ ಯಾರ ದೇಹವನ್ನೂ ಪರೀಕ್ಷೆಗೆ ಎಳೆಯಬಾರದು. ಒಳ್ಳೆಯ ಮನಸ್ಸಿನಿಂದ ದೂರು ಕೊಟ್ಟವರಿಗೆ ರಕ್ಷಣೆ ಬೇಕು. ಸುಳ್ಳೆಂದು ತಿಳಿದೇ ಕೊಟ್ಟವರಿಗೆ ದಂಡ ಬೇಕು. ವಿಜ್ಞಾನೇಶ್ವರನ ಕಾಲದ ನ್ಯಾಯಸಭೆಗೂ ಇದು ಗೊತ್ತಿತ್ತು.

ಪರೀಕ್ಷೆಯಲ್ಲಿ ನಿಜವಾಗಿಯೂ ಸಿಕ್ಕಿಬಿದ್ದವರ ಮುಂದೆ ಮತ್ತೊಂದು ಪ್ರಶ್ನೆ ಕಾದಿರುತ್ತದೆ, ಅದು ನೇರವಾಗಿ ಧರ್ಮದ್ದು. ಪರವಾನಗಿ ಉಳಿಸಿಕೊಳ್ಳಲು ಸಾಮಾನ್ಯವಾಗಿ 3ರಿಂದ 5 ವರ್ಷ ನಿಗಾದಲ್ಲಿರಬೇಕು, ಕರೆದಾಗಲೆಲ್ಲ ಮಾದರಿ ಕೊಡಬೇಕು. ಎಷ್ಟೋ ಕಡೆ ಆಲ್ಕೊಹಾಲಿಕ್ಸ್ ಅನಾನಿಮಸ್‌ನಂಥ ಹನ್ನೆರಡು ಮೆಟ್ಟಿಲುಗಳ ಸಭೆಗಳಿಗೂ ಹೋಗಬೇಕು. 1935ರಲ್ಲಿ ಓಹಾಯೊದ ಅಕ್ರನ್‌ನಲ್ಲಿ ಹುಟ್ಟಿದ ಆ ಚಳವಳಿ ಅಸಂಖ್ಯ ಜನರನ್ನು ಕುಡಿತದಿಂದ ಬಿಡಿಸಿದೆ, ಅದರ ಉಪಕಾರ ದೊಡ್ಡದು. ಆದರೆ ಅದರ ಮೆಟ್ಟಿಲುಗಳು ಇಚ್ಛೆಯನ್ನು ದೇವರಿಗೆ ಒಪ್ಪಿಸಲು, ದೋಷಗಳನ್ನು ನಿವಾರಿಸೆಂದು ಅವನನ್ನು ಬೇಡಲು, ಪ್ರಾರ್ಥನೆ ಮಾಡಲು ಹೇಳುತ್ತವೆ. ಕೆನಡಾದ ವ್ಯಾಂಕೂವರ್‌ನ ಒಬ್ಬ ನಾಸ್ತಿಕ ನರ್ಸ್ ಇದನ್ನು ಒಪ್ಪದೆ ಧರ್ಮದ ಸೋಂಕಿಲ್ಲದ ಬೇರೆ ಚಿಕಿತ್ಸೆ ಕೇಳಿದರು, ಅದಕ್ಕಾಗಿ ಕೆಲಸವನ್ನೇ ಕಳೆದುಕೊಂಡರು. ಮಾನವ ಹಕ್ಕುಗಳ ನ್ಯಾಯಮಂಡಳಿಗೆ ಕೊಟ್ಟ ದೂರು 2019ರಲ್ಲಿ ರಾಜಿಯಲ್ಲಿ ಮುಗಿಯಿತು: ಧರ್ಮದ ಕಾರಣಕ್ಕೆ ಆಕ್ಷೇಪಿಸುವ ನೌಕರರನ್ನು ಅಲ್ಲಿನ ಆರೋಗ್ಯ ಸಂಸ್ಥೆ ಇನ್ನು ಅಂಥ ಸಭೆಗಳಿಗೆ ಬಲವಂತ ಮಾಡುವಂತಿಲ್ಲ. ಹವಾಯಿಯ ಒಬ್ಬ ಬೌದ್ಧ ಪೆರೋಲ್ ಕೈದಿಯ ಪ್ರಕರಣದಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೂ 2007ರಲ್ಲಿ ಇಂಥ ಬಲವಂತ ಸಂವಿಧಾನಕ್ಕೆ ವಿರುದ್ಧ ಎಂದಿತು. ಧರ್ಮಾಚರಣೆಯೇ ಮಾದಕ ನಿಷೇಧಕ್ಕೆ ಎದುರಾದದ್ದೂ ಉಂಟು. ಒರೆಗಾನ್‌ನಲ್ಲಿ ವ್ಯಸನಮುಕ್ತಿ ಸಲಹೆಗಾರರಾಗಿದ್ದ ಇಬ್ಬರು ನೇಟಿವ್ ಅಮೆರಿಕನ್ ಚರ್ಚ್‌ನ ವಿಧಿಯಲ್ಲಿ ಪೆಯೋಟೆ ಎಂಬ ಮಾದಕ ಕಳ್ಳಿಯನ್ನು ಸೇವಿಸಿ ಕೆಲಸ ಕಳೆದುಕೊಂಡರು. 1990ರಲ್ಲಿ ಸುಪ್ರೀಂ ಕೋರ್ಟ್ ಅವರಿಗೆ ನಿರುದ್ಯೋಗ ಭತ್ಯೆಯ ಹಕ್ಕಿಲ್ಲವೆಂದಿತು. ಆ ತೀರ್ಪು ಬರೆದವರು ಅದೇ ಸ್ಕಾಲಿಯಾ. ಅಮೆರಿಕದ ಸಂಸತ್ತು 1993 ಮತ್ತು 1994ರ ಕಾನೂನುಗಳಿಂದ ಧರ್ಮಸ್ವಾತಂತ್ರ್ಯಕ್ಕೆ ಮತ್ತೆ ಬಲ ಕೊಡಬೇಕಾಯಿತು. ಸಂಸ್ಥೆಯೊಂದು ನೌಕರರ ಅಮಲನ್ನು ತಡೆಯಬಹುದು, ಅವರ ಪ್ರಾರ್ಥನೆಯನ್ನು ನಿರ್ದೇಶಿಸಲಾಗದು.

ಮಂಗಳೂರು, ಬೆಂಗಳೂರುಗಳಲ್ಲಿ ಕಲಿತು ಅಮೆರಿಕಕ್ಕೂ ಕೊಲ್ಲಿಗೂ ಹೋಗುವ ನರ್ಸ್‌ಗಳಿಗೆ ಇದೆಲ್ಲ ದೂರದ ಸುದ್ದಿಯಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್‌ಗೆ ಗಸಗಸೆ ಒಯ್ಯುವುದೇ ಅಪರಾಧ. ಹೊರಡುವ ಮುನ್ನ ವೈದ್ಯರ ಚೀಟಿಗಳನ್ನು ಜೋಪಾನ ಮಾಡುವುದು, ಫಲಿತಾಂಶ ವಿರುದ್ಧವಾಗಿ ಬಂದರೆ ಖಚಿತಪಡಿಸುವ ಎರಡನೆಯ ಪರೀಕ್ಷೆಯನ್ನು ಲಿಖಿತವಾಗಿ ಕೇಳುವುದು, ದೂರಿನ ಪ್ರತಿ ಕೇಳುವುದು ಇವನ್ನು ಕಾಲೇಜುಗಳೇ ಕಲಿಸಬೇಕು. ಇಲ್ಲೇ ಉಳಿದವರಿಗೂ ಕಾನೂನಿನ ಆಸರೆಯಿದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ತಾನಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರೈಸುವ ವ್ಯಸನಿಗೆ ಸೇವನೆಯ ಮತ್ತು ಅಲ್ಪ ಪ್ರಮಾಣದ ಅಪರಾಧಗಳಲ್ಲಿ ಮೊಕದ್ದಮೆಯಿಂದ ವಿನಾಯಿತಿ ಕೊಡುತ್ತದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ ಮತ್ತು ಮಾದಕಗಳ ದುರ್ಬಳಕೆಯಿಂದಾಗುವ ತೊಂದರೆಗಳನ್ನು ಕಾಯಿಲೆಯೆಂದು ಒಪ್ಪಿ, ಚಿಕಿತ್ಸೆಯ ಹಕ್ಕನ್ನೂ ಗೋಪ್ಯತೆಯ ಹಕ್ಕನ್ನೂ ಕೊಟ್ಟಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ನೆರವು ಬೇಕಾದ ನರ್ಸ್‌ಗಳು ಯಾರ ದೂರಿಗೂ ಕಾಯದೆ ಅಲ್ಲಿಗೆ ಹೋಗಬಹುದು.