ಹಿಗ್ಗುವ ಅಳತೆ

ಬ್ರಿಟನ್ನಿನಲ್ಲಿ ಮನೆಗೆ ಬ್ರಾಡ್‌ಬ್ಯಾಂಡ್ ಸಂಪರ್ಕ ಪಡೆಯುವವನು ಸಾಮಾನ್ಯವಾಗಿ 18 ಅಥವಾ 24 ತಿಂಗಳ ಕರಾರಿಗೆ ಒಪ್ಪಿಗೆ ನೀಡುತ್ತಾನೆ. ನಡುವೆ ಬಿಟ್ಟು ಹೊರಟರೆ ದಂಡ ತೆರಬೇಕು. ಅಲ್ಲಿನ ಕೆಲವು ದೊಡ್ಡ ಕಂಪನಿಗಳು ಈ ಕರಾರುಗಳಲ್ಲಿ ಒಂದು ಸೂತ್ರವನ್ನು ಸೇರಿಸಿದ್ದವು: ಪ್ರತಿ ವಸಂತದಲ್ಲಿಯೂ ಶುಲ್ಕವು ಹಣದುಬ್ಬರದ ದರದಷ್ಟು, ಅದರ ಮೇಲೆ ಮತ್ತೆ ಶೇಕಡಾ 3.9ರಷ್ಟು ಏರತಕ್ಕದ್ದು. 2022ರ ಡಿಸೆಂಬರಿನಲ್ಲಿ ಹಣದುಬ್ಬರವು ಶೇಕಡಾ 10.5 ಆಗಿದ್ದುದರಿಂದ, ತಿಂಗಳಿಗೆ 30 ಪೌಂಡು ತೆರುತ್ತಿದ್ದವನು ಮುಂದಿನ ವಸಂತದಲ್ಲಿ 34 ಪೌಂಡು 32 ಪೆನ್ಸ್ ತೆರಬೇಕಾಯಿತು. ಏರಿದ ಮೊತ್ತಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ಬೇರೊಂದು ಸಂಗತಿ. ಕರಾರಾದ ದಿನ ಆ ಸಂಖ್ಯೆಯು ಕೊಳ್ಳುವವನಿಗೂ ತಿಳಿದಿರಲಿಲ್ಲ, ಮಾರುವವನಿಗೂ ತಿಳಿದಿರಲಿಲ್ಲ. ಇನ್ನೂ ಹುಟ್ಟದ ಸಂಖ್ಯೆಗೆ ಇತ್ತ ಸಮ್ಮತಿಯು ಸಮ್ಮತಿಯೆನಿಸಿಕೊಳ್ಳುವುದೆ?

ಮೈಸೂರಿನ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬೆಳಕಿಗೆ ತಂದು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು, ತೂಕದ ಬಟ್ಟುಗಳನ್ನು ಕಬ್ಬಿಣದಿಂದಾಗಲಿ, ಮಗಧ ಮೇಕಲಗಳ ಶಿಲೆಯಿಂದಾಗಲಿ, ನೀರು ತಗುಲಿ ಹಿಗ್ಗದ, ಶಾಖಕ್ಕೆ ಕುಗ್ಗದ ಬೇರೆ ವಸ್ತುವಿನಿಂದಾಗಲಿ ಮಾಡಬೇಕೆಂದು ವಿಧಿಸುತ್ತದೆ. ಮೇಲುನೋಟಕ್ಕೆ ಇದು ಪೇಟೆಯ ಕಟ್ಟಳೆ. ನನಗಾದರೋ ಇದು ಸತ್ಯದ ಲಕ್ಷಣವಾಗಿಯೇ ತೋರುತ್ತದೆ: ಒಪ್ಪಿದ ಅಳತೆಯು ಆಮೇಲೆ ಹಿಗ್ಗಬಾರದು, ಅದು ತೂಕದ ಬಟ್ಟಾಗಲಿ, ಕರಾರಿನ ಶುಲ್ಕವಾಗಲಿ. ಕೂಲಿಯೂ ಕೇಬಲ್ ಹಾಸುವ ವೆಚ್ಚವೂ ಏರುತ್ತವೆಂಬ ಕಂಪನಿಗಳ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಲೋಕದ ಬೆಲೆಯೇರಿಕೆಯನ್ನೆಲ್ಲ ಗ್ರಾಹಕನ ತಲೆಗೆ ಕಟ್ಟಿದ ಮೇಲೆಯೂ ಉಳಿಯುವ ಆ 3.9ಕ್ಕೆ ಯಾವ ನ್ಯಾಯವನ್ನು ಹೇಳೋಣ?

ಇಲ್ಲಿ ಬಲಿಚಕ್ರವರ್ತಿಯ ನೆನಪಾಗುತ್ತದೆ. ಪುಟ್ಟ ವಟುವಿನ ಪಾದದಲ್ಲಿ ಅಳೆಯಬೇಕಾದ ಮೂರಡಿ ನೆಲವು ಧಾರೆಯೆರೆದ ಮರುಕ್ಷಣ ಭೂಮಿಯನ್ನೂ ಆಕಾಶವನ್ನೂ ನುಂಗಿತು; ಅಳತೆಗೋಲೇ ಬೆಳೆಯಿತು. ಆದರೂ ಬಲಿಯು ಮೋಸಹೋದನೆಂದು ನಾವು ಹೇಳುವುದಿಲ್ಲವಷ್ಟೆ. ಏಕೆಂದರೆ ಎದುರು ನಿಂತವನು ವಿಷ್ಣುವೆಂದು ಶುಕ್ರಾಚಾರ್ಯರು ಎಚ್ಚರಿಸಿದ್ದರು. ಅರಿತು, ಅಲ್ಲಗಳೆಯುವ ಶಕ್ತಿಯಿದ್ದೂ ಅಲ್ಲಗಳೆಯದೆ, ಅವನು ಕೈನೀರು ಬಿಟ್ಟನು. ಆ ಅರಿವೂ ಆ ಶಕ್ತಿಯೂ ಇಲ್ಲದಿದ್ದರೆ ಅದು ದಾನವಾಗದೆ ಸುಲಿಗೆಯಾಗುತ್ತಿತ್ತು.

ಅರಿವಿನ ಪಾಲನ್ನು ಬ್ರಿಟನ್ನಿನ ಸಂಪರ್ಕ ನಿಯಂತ್ರಣ ಸಂಸ್ಥೆಯಾದ ಆಫ್‌ಕಾಮ್ ಈಗ ಸಲ್ಲಿಸಿದೆ. 2025ರ ಜನವರಿ 17ರಿಂದ ಹೊಸ ಕರಾರುಗಳಲ್ಲಿ ಹಣದುಬ್ಬರಕ್ಕೆ ಗಂಟುಹಾಕಿದ ಏರಿಕೆ ನಿಷಿದ್ಧವಾಗಿದ್ದು, ಏರುವುದಾದರೆ ಎಷ್ಟು, ಎಂದಿನಿಂದ ಎಂಬುದನ್ನು ಪೌಂಡು ಪೆನ್ಸುಗಳಲ್ಲಿ ಮೊದಲೇ ಹೇಳಬೇಕು. ಶುಕ್ರಾಚಾರ್ಯರ ಕೆಲಸವದು, ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಎಲ್ಲರಿಗೂ ಒಂದೇ ಎಂದು 3 ಪೌಂಡು ಏರಿಸಿದರೆ, 60 ಪೌಂಡಿನ ವೇಗದ ಸಂಪರ್ಕವುಳ್ಳವನಿಗೆ ಅದು ಶೇಕಡಾ 5. ಅಗ್ಗವೆಂದು 20 ಪೌಂಡಿನದನ್ನು ಆರಿಸಿಕೊಂಡವನಿಗೆ ಶೇಕಡಾ 15. ಸಂಖ್ಯೆ ನಿಜವಾಯಿತು, ಭಾರ ಮಾತ್ರ ಬಡವನತ್ತ ವಾಲಿತು.

ಅಲ್ಲಗಳೆಯುವ ಶಕ್ತಿಯೋ? ಮಕ್ಕಳ ಪಾಠ, ಕೆಲಸದ ಅರ್ಜಿ, ಯೂನಿವರ್ಸಲ್ ಕ್ರೆಡಿಟ್ ಎಂಬ ಸರ್ಕಾರಿ ನೆರವಿನ ವ್ಯವಹಾರ, ಬಹುಮಟ್ಟಿಗೆ ಎಲ್ಲವೂ ಅದೇ ತಂತಿಯ ಮೂಲಕ ನಡೆಯುವಾಗ, ಆ ತಂತಿ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟು ಮಂದಿಗಿದೆ? ನೆರವು ಪಡೆಯುವವರಿಗಾಗಿ ಅನೇಕ ಕಂಪನಿಗಳಲ್ಲಿ ಕಡಿಮೆ ದರದ ಯೋಜನೆಗಳುಂಟು. ಆ ನೆರವಿನ ಗೆರೆಗಿಂತ ತುಸುವೇ ಮೇಲಿರುವ ಗೃಹಸ್ಥನಾದರೋ, ಈ ವರ್ಷದ ಸಂಖ್ಯೆಯನ್ನೂ ಬರುವ ವರ್ಷದ ಸಂಖ್ಯೆಯನ್ನೂ ಸ್ಪಷ್ಟವಾಗಿ ಓದಿ, ಎಲ್ಲವನ್ನೂ ಅರಿತು, ಸಹಿ ಹಾಕುತ್ತಾನೆ.